ಮಂಡ್ಯದ ಬಂಡೆಗೆ ಯಾವುದು ಸರಿ: ಥಾರ್, ಜಿಮ್ನಿ, ಹಳೆ ಜಿಪ್ಸಿ

ಮಹೀಂದ್ರ ಥಾರ್, ಮಾರುತಿ ಜಿಮ್ನಿ, ಮಾರುತಿಯ ಹಳೆ ಜಿಪ್ಸಿ, ಈ ಮೂರು ಗಾಡಿಗಳನ್ನೂ ಒಂದೇ ಕಲ್ಲುದಾರಿಯಲ್ಲಿ ಓಡಿಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಮ್ಮ ಕಡೆಯ ಬಂಡೆಗೆ ಜಿಮ್ನಿ. ಆದರೆ ಎರಡು ಜಾಗದಲ್ಲಿ ಥಾರ್ ಅದನ್ನು ಸ್ಪಷ್ಟವಾಗಿ ಸೋಲಿಸಿತು. ಆ ಎರಡು ಜಾಗ ನಿಮಗೆ ಮುಖ್ಯವಾದರೆ ನಿಮ್ಮ ಆಯ್ಕೆ ಬೇರೆ ಆಗಬಹುದು.

ಬಂಡೆ ಹತ್ತುವ ವಿಡಿಯೋ ನೋಡುವವರಿಗೆ ಅಮೆರಿಕದ ಯೂಟಾದ ಮೊವಾಬ್ ಗೊತ್ತಿರುತ್ತದೆ. ಮರುಭೂಮಿ, ಆಳವಾದ ಕಣಿವೆಗಳು, ಕೆಂಪು ಮರಳುಗಲ್ಲು. 1967ರಲ್ಲಿ ಶುರುವಾದ, ಪ್ರತಿ ವರ್ಷ ಜೀಪುಗಳು ಸೇರುವ ಈಸ್ಟರ್ ಜೀಪ್ ಸಫಾರಿ ಅಲ್ಲಿಯದೇ. ಆ ಮರಳುಗಲ್ಲು ಒರಟು. ಒಣಗಿದ್ದಾಗ ಟೈರ್ ಅದನ್ನು ಕಚ್ಚಿ ಹಿಡಿಯುತ್ತದೆ. ನಮ್ಮದು ಗ್ರಾನೈಟ್. ಮೇಲೆ ಗರಸು, ಪುಡಿಜಲ್ಲಿ, ಧೂಳು ಕೂತಿರುತ್ತದೆ. ಬಂಡೆ ಗಟ್ಟಿಯಾಗಿದ್ದರೂ ಚಕ್ರ ಜಾರುತ್ತದೆ. ಅದಕ್ಕೇ ಅಲ್ಲಿನ ಲೆಕ್ಕಾಚಾರವನ್ನು ಸುಮ್ನೆ ಇಲ್ಲಿಗೆ ತರುವುದು ಸರಿಯಲ್ಲ.

ನಾವು ಮೈಸೂರಿನಿಂದ ಗುಂಪಾಗಿ ಹೋಗುವುದು ಪಾಂಡವಪುರ ಕಡೆಯ ಒಂದು ಖಾಸಗಿ ಜಮೀನಿಗೆ. ಕೆಲಸ ನಿಂತ ಹಳೆಯ ಕಲ್ಲುಕ್ವಾರಿ ಅದು, ಮಾಲೀಕರ ಒಪ್ಪಿಗೆ ಪಡೆದೇ ಇಳಿಯುತ್ತೇವೆ. ಈ ಮಾತು ಜೋರಾಗಿಯೇ ಹೇಳಬೇಕು. ಮೇಲುಕೋಟೆ ಸುತ್ತ ವನ್ಯಜೀವಿಧಾಮ ಇದೆ, ಚಾಮುಂಡಿ ಬೆಟ್ಟ ಮೀಸಲು ಅರಣ್ಯ. ಕಲ್ಲು ಚೆನ್ನಾಗಿದೆ ಅಂತ ಅಲ್ಲೆಲ್ಲ ಗಾಡಿ ಇಳಿಸಬಾರದು. ಕ್ವಾರಿಯಲ್ಲಿ ನೀರು ನಿಂತ ಗುಂಡಿಗಳಿರುತ್ತವೆ, ಆಳ ಕಾಣುವುದಿಲ್ಲ. ಮೊದಲು ನಡೆದು ನೋಡಿ, ಆಮೇಲೆ ಗಾಡಿ.

ನಮ್ಮ ಗುಂಪಿನಲ್ಲಿರುವುದು ಡೀಸೆಲ್ ಥಾರ್, ಮ್ಯಾನ್ಯುಯಲ್ ಜಿಮ್ನಿ, ಜೊತೆಗೆ ಗೆಳೆಯನ ಹಳೆಯ ಜಿಪ್ಸಿ. ಒಬ್ಬರ ಗಾಡಿ ಇನ್ನೊಬ್ಬರು ಓಡಿಸುತ್ತೇವೆ. ಅದಕ್ಕೇ ಹೋಲಿಕೆ ನ್ಯಾಯವಾಗಿದೆ ಅನ್ನಿಸುತ್ತದೆ.

ಮೊದಲು ಅಗಲದ ಮಾತು. ಕಾಗದದ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಥಾರ್ 1820 ಮಿಲಿಮೀಟರ್, ಜಿಮ್ನಿ 1645. ಹದಿನೇಳು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಕ್ವಾರಿಯ ಒಳಗೆ ಎರಡು ಬಂಡೆಗಳ ನಡುವೆ ಒಂದು ಕೊರಕಲು ಇದೆ. ಜಿಮ್ನಿ ಅದರಲ್ಲಿ ಎಡಕ್ಕೋ ಬಲಕ್ಕೋ ಸರಿದು ಒಳ್ಳೆಯ ಕಲ್ಲು ಹುಡುಕಿಕೊಳ್ಳುತ್ತದೆ. ಥಾರಿಗೆ ಅಲ್ಲಿ ಇರುವುದು ಒಂದೇ ಲೈನ್. ಆ ಲೈನಿನಲ್ಲಿ ಚೂಪು ಕಲ್ಲಿದ್ದರೂ ಅದರ ಮೇಲೇ ಹೋಗಬೇಕು. ಕಲ್ಲುದಾರಿಯಲ್ಲಿ ಚಕ್ರ ಎಲ್ಲಿ ಇಡಬೇಕು ಅನ್ನುವುದೇ ಅರ್ಧ ಕೆಲಸ ಅಲ್ವಾ? ಆಯ್ಕೆ ಇದ್ದವನು ಗೆಲ್ಲುತ್ತಾನೆ.

ಎರಡನೆಯದು ತೂಕ. ಜಿಮ್ನಿ ಸುಮಾರು 1200 ಕಿಲೋ. ಥಾರ್ ಅದಕ್ಕಿಂತ ಐನೂರು ಕಿಲೋದಷ್ಟು ಭಾರ. ಗರಸಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಈ ಐನೂರು ಕಿಲೋ ಹಿಂದಿನಿಂದ ನೂಕುವುದು ಗೊತ್ತಾಗುತ್ತದೆ. ಜಿಮ್ನಿ ಜಾರಿದರೂ ಬೇಗ ನಿಲ್ಲುತ್ತದೆ.

ಈಗ ಥಾರ್ ಗೆದ್ದ ಜಾಗಗಳು. ಒಂದು, ಮೆಟ್ಟಿಲಿನಂತೆ ಒಡೆದ ಬಂಡೆಯ ಏರು. ಥಾರ್ ಡೀಸೆಲ್ ಎಂಜಿನ್ 300 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ, ಅದೂ ಎಂಜಿನ್ ನಿಧಾನವಾಗಿ ತಿರುಗುವ 1600 ಆರ್‌ಪಿಎಂನಿಂದಲೇ. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ ಕೊಡುವುದು 134, ಅದು ಸಿಗುವುದು 4000 ಆರ್‌ಪಿಎಂನಲ್ಲಿ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರ್), ಫಸ್ಟ್ ಗೇರ್ ಹಾಕಿದರೆ ಥಾರ್ ಆಕ್ಸಿಲರೇಟರ್ ಹೆಚ್ಚು ಮುಟ್ಟದೆ ತೆವಳಿಕೊಂಡು ಹತ್ತುತ್ತದೆ. ಜಿಮ್ನಿಗೆ ಎಂಜಿನ್ ಏರಿಸಿಕೊಂಡು, ಕ್ಲಚ್ ನೋಡಿಕೊಂಡು ಹೋಗಬೇಕು. ಹೊಸಬರಿಗೆ ಇದು ಕಷ್ಟ.

ಎರಡು, ಒಂದು ಚಕ್ರ ಗಾಳಿಯಲ್ಲಿ ನಿಂತಾಗ. ನಾವು ಓಡಿಸಿದ ಥಾರಿನ ಹಿಂದಿನ ಆಕ್ಸಲ್‌ನಲ್ಲಿ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಇದೆ, ಅಂದರೆ ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿಗೆ ಒಂದು ಲಾಕ್. ಒಂದು ಚಕ್ರ ಇನ್ನೊಂದಕ್ಕಿಂತ ಜಾಸ್ತಿ ವೇಗವಾಗಿ ತಿರುಗಿದರೆ ಅದು ಟಕ್ ಅಂತ ಲಾಕ್ ಆಗುತ್ತದೆ. ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಎದ್ದು ಬರುತ್ತದೆ. ಜಿಮ್ನಿಯಲ್ಲಿ ಲಾಕ್ ಇಲ್ಲ. ಸುಮ್ನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿದು ಶಕ್ತಿಯನ್ನು ಇನ್ನೊಂದು ಕಡೆಗೆ ಕಳಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಅದು ಕೆಲಸ ಮಾಡಲು ಎರಡು ಕ್ಷಣ ಬೇಕು. ಚಕ್ರ ತಿರುಗಿದ ಕೂಡಲೇ ಹೊಸಬರು ಹೆದರಿ ಕಾಲು ತೆಗೆಯುತ್ತಾರೆ, ಗಾಡಿ ಹಿಂದಕ್ಕೆ ಬರುತ್ತದೆ. ಕೆಳಗೆ ನಿಂತು ದಾರಿ ತೋರಿಸುವ ನಮ್ಮ ಸ್ಪಾಟರ್ ಪ್ರತಿ ಸಲ ಕೂಗುವುದು ಇದನ್ನೇ: "ಅಣ್ಣ, ಕಾಲು ತೆಗೀಬೇಡ, ಹಂಗೇ ಹಿಡ್ಕೋ!" ಹಿಡಿದರೆ ಬರುತ್ತದೆ. ಆದರೂ ಥಾರಿನ ಲಾಕ್ ಕೊಡುವ ಧೈರ್ಯ ಬೇರೆಯೇ.

ಹೊಟ್ಟೆ ತಾಗುವ ವಿಷಯದಲ್ಲಿ ಎರಡಕ್ಕೂ ದೋಷವಿದೆ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2590 ಮಿಲಿಮೀಟರ್, ಮೂರು ಬಾಗಿಲಿನ ಥಾರಿನದು 2450. ಉಬ್ಬಿದ ಬಂಡೆ ದಾಟುವಾಗ ಜಿಮ್ನಿಯ ಹೊಟ್ಟೆ ಮೊದಲು ತಾಗುತ್ತದೆ. ಹಿಂದಿನ ಆಕ್ಸಲ್ ಹಿಡಿಯುವ ಕೆಳಗಿನ ಆರ್ಮ್‌ಗಳ ಬ್ರಾಕೆಟ್ ಕೂಡ ಕೆಳಗೆ ಜೋತುಬಿದ್ದಿದೆ. ಥಾರ್ ನೆಲದಿಂದ 226 ಮಿಲಿಮೀಟರ್ ಎತ್ತರ, ಜಿಮ್ನಿ 210. ಆದರೆ ಥಾರಿನ ಸೈಡ್ ಸ್ಟೆಪ್ ಮೊದಲ ಕಲ್ಲಿಗೇ ಬಡಿಯುತ್ತದೆ. ಬಂಡೆಗೆ ಹೋಗುವವರು ಅದನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗುವುದು ಒಳ್ಳೆಯದು. ಸಾಧ್ಯವಾದರೆ ಬಾಗಿಲ ಕೆಳಗಿನ ಅಂಚು ಕಾಯುವ ಗಟ್ಟಿ ರಾಕ್ ಸ್ಲೈಡರ್ ಹಾಕಿಸಿ. ಇನ್ನು ಹಿಂಭಾಗ. ಜಿಮ್ನಿಯ ಡಿಪಾರ್ಚರ್ ಆಂಗಲ್ (ಹಿಂದಿನ ಬಂಪರ್ ನೆಲಕ್ಕೆ ತಾಗದೆ ಇಳಿಯಬಹುದಾದ ಕೋನ) 47 ಡಿಗ್ರಿ, ಥಾರಿನದು 36ರ ಆಸುಪಾಸು. ಕಡಿದಾದ ಇಳಿಜಾರು ಇಳಿದು ಸಮತಟ್ಟಿಗೆ ಬರುವಾಗ ಜಿಮ್ನಿಯ ಹಿಂದಿನ ಬಂಪರ್ ಬಗ್ಗೆ ಯೋಚನೆಯೇ ಬರುವುದಿಲ್ಲ.

ಜಿಪ್ಸಿ ಬಗ್ಗೆ ಪ್ರೀತಿಯಿಂದಲೇ ಹೇಳುತ್ತೇನೆ. 1985ರಲ್ಲಿ ಬಂದ ಗಾಡಿ, ನಮ್ಮ ಸೇನೆಯಲ್ಲಿ ದುಡಿದ ಗಾಡಿ. ಮೂರರಲ್ಲಿ ಹಗುರ ಇದೇ, ಅಗಲವೂ ಕಡಿಮೆ. ಒಳ್ಳೆಯ ಕೈ ಇದ್ದರೆ ಜಿಮ್ನಿ ಹೋದಲ್ಲಿಗೆಲ್ಲ ಹೋಗುತ್ತದೆ. ಆದರೆ ಲೀಫ್ ಸ್ಪ್ರಿಂಗ್ ಬೆನ್ನು ಮುರಿಯುತ್ತದೆ. ಏರ್‌ಬ್ಯಾಗ್ ಇಲ್ಲ. ಈಗ ಸಿಗುವುದು ಹಳೆಯದೇ, ಕೊಳ್ಳುವಾಗ ಚಾಸಿಯ ತುಕ್ಕು ನೋಡಲೇಬೇಕು. ಮೆಕ್ಯಾನಿಕ್ ಕೆಲಸ ಇಷ್ಟಪಡುವವರಿಗೆ ಮಾತ್ರ.

ಗುಂಪಿನಲ್ಲಿ ಹೋಗುವಾಗ ಯಾವ ಗಾಡಿ ಎಲ್ಲಿರಬೇಕು ಅನ್ನುವುದೂ ಈ ಹೋಲಿಕೆಯ ಭಾಗವೇ. ನಾವು ಜಿಮ್ನಿಯನ್ನು ಮುಂದೆ ಬಿಡುತ್ತೇವೆ. ಥಾರ್ ಕೊನೆಗೆ. ಸಿಕ್ಕಿಹಾಕಿಕೊಂಡ ಗಾಡಿಯನ್ನು ಎಳೆಯಲು ತೂಕ ಬೇಕು, ಅದು ಥಾರಿನಲ್ಲಿದೆ. ಥಾರೇ ಸಿಕ್ಕಿಹಾಕಿಕೊಂಡರೆ ಒಂದು ಜಿಮ್ನಿಯಿಂದ ಎಳೆಯುವುದು ಕಷ್ಟ. ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಇರುವ ಗಾಡಿ ಇದ್ದರೆ ನೆಮ್ಮದಿ. ಎಳೆಯುವ ಹಗ್ಗವನ್ನು ಟ್ರೇಲರ್ ಸಿಕ್ಕಿಸುವ ಟೋ ಬಾಲ್‌ಗೆ ಕಟ್ಟಬೇಡಿ. ಅದು ಮುರಿದು ಹಾರಿದರೆ ಜೀವ ಹೋಗುತ್ತದೆ. ಕಂಪನಿ ಕೊಟ್ಟ ಟೋ ಹುಕ್, ತಾಳುವ ತೂಕದ ಅಂಕಿ ಬರೆದ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕೊಂಡಿ), ಅಷ್ಟೇ. ಎಳೆಯುವಾಗ ಉಳಿದವರು ಹಗ್ಗದ ಸಾಲಿನಿಂದ ದೂರ ನಿಲ್ಲಬೇಕು. ಏರಿನಲ್ಲಿ ಒಂದು ಸಲಕ್ಕೆ ಒಂದೇ ಗಾಡಿ. ಕೈಸನ್ನೆ ಮಾಡುವವರೂ ಒಬ್ಬರೇ.

ಟೈರ್ ಗಾಳಿಯನ್ನು ಮೂರು ಗಾಡಿಗೂ 20 ಪಿಎಸ್‌ಐ ಸುತ್ತ ಇಳಿಸುತ್ತೇವೆ. ಟೈರ್ ಅಗಲವಾಗಿ ಕೂತು ಕಲ್ಲನ್ನು ತಬ್ಬುತ್ತದೆ, ಕುಲುಕಾಟವೂ ಕಡಿಮೆ. ಇದರಿಂದ ಜಿಮ್ನಿಗೆ ಆದ ಲಾಭ ಥಾರಿಗಿಂತ ಜಾಸ್ತಿ, ಏಕೆಂದರೆ ಅದರ ಟೈರ್ 195 ಮಿಲಿಮೀಟರ್ ಅಗಲದ ಸಣ್ಣ ಟೈರ್. ವಾಪಸ್ ಹೆದ್ದಾರಿಗೆ ಬರುವ ಮೊದಲು ಗಾಳಿ ತುಂಬಿಸಲೇಬೇಕು. ಸಣ್ಣ ಕಂಪ್ರೆಸರ್ ಒಂದು ಗುಂಪಿಗೆ ಸಾಕು.

ಕೊಳ್ಳುವ ಯೋಚನೆ ಇರುವವರಿಗೆ ನನ್ನ ಮಾತು ಇದು. ವಾರದಲ್ಲಿ ಮೈಸೂರಿನ ಒಳಗೆ ಓಡಾಟ, ಬಿಡುವಿದ್ದಾಗ ಕಲ್ಲು ಅನ್ನುವವರು ಜಿಮ್ನಿ ತೆಗೆದುಕೊಳ್ಳಿ. ಮೊದಲ ಖರ್ಚು ಟೈರಿಗೆ, ಎರಡನೆಯದು ಹೊಟ್ಟೆ ಕಾಯುವ ಪ್ಲೇಟಿಗೆ. ದೂರದ ಘಾಟಿ, ಕೆಸರು, ಭಾರ ಎಳೆಯುವ ಕೆಲಸ ಇದ್ದರೆ ಡೀಸೆಲ್ ಥಾರ್. ಹಿಂದಿನ ಆಕ್ಸಲ್‌ಗೆ ಮೆಕ್ಯಾನಿಕಲ್ ಲಾಕ್ ಇರುವ ಮಾದರಿಯನ್ನೇ ಕೇಳಿ ತೆಗೆದುಕೊಳ್ಳಿ.