ಗಾಡ್‌ಫಾದರ್: ಮದುವೆ ಮನೆಯವರೆಗೆ ಚೆನ್ನಾಗಿದೆ

ಹಾಸನಾಂಬೆಯ ಬಾಗಿಲು ತೆಗೆದ ವಾರ ಮಗ ಬೆಂಗಳೂರಿನಿಂದ ಬಂದಿದ್ದ. ಹಗಲೆಲ್ಲ ದರ್ಶನದ ಸಾಲಲ್ಲಿ ನಿಂತು ಬಂದವನು ರಾತ್ರಿ ನಮ್ಮನ್ನು ಟಿವಿ ಮುಂದೆ ಕೂರಿಸಿದ. "ಅಪ್ಪ, ಇದೊಂದು ನೋಡು. ಇಂಥ ಸಿನಿಮಾ ಇನ್ನೊಂದು ಬಂದಿಲ್ಲ" ಎಂದ. 1972ರ 'ದಿ ಗಾಡ್‌ಫಾದರ್'. 2 ಗಂಟೆ 55 ನಿಮಿಷ. ನೋಡಿದೆ. ನಮ್ಮನೆಯವಳು ನಡುವೆ ಎರಡು ನಿದ್ದೆ ಮುಗಿಸಿದಳು.

ರೌಡಿ ಸಿನಿಮಾ ನನಗೆ ಆಗಿಬರುವುದಿಲ್ಲ ಅಂತಲ್ಲ. 1995ರಲ್ಲಿ 'ಓಂ' ಬಂದಾಗ ಮೂರು ಸಲ ಹೋಗಿದ್ದೆ.

ನಾನು 30 ವರ್ಷದಿಂದ ಶಾಮಿಯಾನ, ಕುರ್ಚಿ, ಪಾತ್ರೆ, ಸೀರಿಯಲ್ ಸೆಟ್ ಬಾಡಿಗೆಗೆ ಕೊಡುವವನು. ಹಾಗಾಗಿ ಮೊದಲ ಅರ್ಧ ಗಂಟೆಗೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಅದು ದೊಡ್ಡ ಯಜಮಾನ ವಿಟೊ ಕಾರ್ಲಿಯೋನೆಯ ಮಗಳ ಮದುವೆ. ಹೊರಗೆ ಹಾಡು, ಕುಣಿತ, ಊಟ. ಒಳಗೆ ಕತ್ತಲ ಕೋಣೆಯಲ್ಲಿ ಒಬ್ಬೊಬ್ಬರೇ ಬಂದು ಕಷ್ಟ ಹೇಳಿಕೊಳ್ಳುತ್ತಾರೆ. ಗೇಟಿನ ಹೊರಗೆ ಪೊಲೀಸಿನವರು ಕಾರ್ ನಂಬರ್ ಬರೆದುಕೊಳ್ಳುತ್ತಾರೆ. ಮದುಮಗಳ ಚೀಲಕ್ಕೆ ಬಂದವರೆಲ್ಲ ಲಕೋಟೆ ಹಾಕುತ್ತಾರೆ, ಅದರಲ್ಲಿ ಎಷ್ಟಿರಬಹುದು ಅಂತ ಒಬ್ಬ ದೂರದಿಂದಲೇ ಲೆಕ್ಕ ಹಾಕುತ್ತಾನೆ. ಇಂಥವನು ಪ್ರತಿ ಛತ್ರದಲ್ಲೂ ಒಬ್ಬ ಇರುತ್ತಾನೆ. ಆ ಮದುವೆ ಮಾತ್ರ ನಿಜ.

ಹೆಣ ಸಿಂಗರಿಸುವ ಕೆಲಸದ ಬೊನಾಸೆರಾ ಮಗಳಿಗೆ ಆದ ಅನ್ಯಾಯ ಹೇಳಿ ನ್ಯಾಯ ಕೇಳುತ್ತಾನೆ. ಯಜಮಾನ ದುಡ್ಡು ಮುಟ್ಟುವುದಿಲ್ಲ. ಯಾವತ್ತಾದರೂ ನಾನೊಂದು ಕೇಳಬಹುದು, ಆಗ ಮಾಡಿಕೊಡು ಅನ್ನುತ್ತಾನೆ. ಆಮೇಲೆ ಯಜಮಾನನ ಹಿರಿಮಗ ಗುಂಡೇಟಿಗೆ ಛಿದ್ರವಾಗಿ ಸತ್ತಾಗ, ಅವನ ಅಮ್ಮ ನೋಡುವಂತೆ ಮಾಡಿಕೊಡು ಅಂತ ಹೆಣವನ್ನು ಅದೇ ಬೊನಾಸೆರಾ ಹತ್ತಿರ ತರುತ್ತಾರೆ. ಇದಕ್ಕೆ ನಮ್ಮಲ್ಲಿ ಮುಯ್ಯಿ ಅನ್ನುತ್ತೇವೆ. ಹಾಕಿದ ಮುಯ್ಯಿ ವಾಪಸ್ ಬಂತು, ಅಷ್ಟೆ. ಈ ಎಳೆ ನನಗೆ ತುಂಬ ಹಿಡಿಸಿತು. ಆದರೆ ಮುಯ್ಯಿ ತೀರಿಸುವುದಕ್ಕೆ ನಮ್ಮ ಭಾಷೆಯಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ, ಉಳಿದ ಎರಡು ಗಂಟೆ ಬರೀ ಅದೇ. ಇವರು ಅವರನ್ನು ಹೊಡೆದರು, ಅವರು ಇವರನ್ನು ಹೊಡೆದರು. ಕೋಟು ಹಾಕಿದವರೆಲ್ಲ ನನಗೆ ಒಂದೇ ಥರ ಕಂಡರು. ಯಾರು ಯಾರ ಕಡೆ ಅಂತ ಮಗನನ್ನು ಕೇಳಿ ಕೇಳಿ ಅವನಿಗೂ ಬೇಜಾರಾಯಿತು.

ಬೆಳಕಿನ ವಿಷಯ. ಕ್ಯಾಮೆರಾದ ಗಾರ್ಡನ್ ವಿಲ್ಲಿಸ್ ಬೇಕಂತಲೇ ನಟರ ಕಣ್ಣು ಕಾಣದ ಹಾಗೆ ಮೇಲಿನಿಂದ ಬೆಳಕು ಬಿಟ್ಟಿದ್ದಾರಂತೆ. ಇರಬಹುದು. ನನಗೆ ಕರೆಂಟ್ ಹೋದ ಮನೆ ನೆನಪಾಯಿತು. ಯಜಮಾನನ ಪಾತ್ರದ ಮಾರ್ಲನ್ ಬ್ರಾಂಡೋ ಮಾತಂತೂ ಬಾಯ್ತುಂಬ ಎಲೆಅಡಿಕೆ ಇಟ್ಟುಕೊಂಡು ಆಡಿದ ಹಾಗಿದೆ. ಅದಕ್ಕೇ ಆಸ್ಕರ್ ಕೊಟ್ಟರು, ಅವರು ಬೇಡ ಅಂದರು. ಕುದುರೆಯ ಕಡಿದ ತಲೆಯ ದೃಶ್ಯಕ್ಕೆ ಎದ್ದ ನಮ್ಮನೆಯವಳು "ಪಾಪ, ಅದೇನು ಮಾಡಿತ್ತು?" ಅಂದಳು. ಶೂಟಿಂಗಿಗೆ ತಂದದ್ದು ನಿಜವಾದ ತಲೆಯೇ ಅಂತ ಮಗ ಹೇಳಿದ. ಹೇಳಬಾರದಿತ್ತು, ಅವಳು ಆ ರಾತ್ರಿ ಊಟ ಬಿಟ್ಟಳು.

ಹೋಟೆಲಿನಲ್ಲಿ ಯಜಮಾನನ ಕಿರಿಮಗ ಮೈಕೆಲ್ ಇಬ್ಬರನ್ನು ಹೊಡೆಯುವ ಮೊದಲು ರೈಲಿನ ಸದ್ದು ಏರುತ್ತದೆ. ಅಲ್ಲಿ ನಾನೂ ಉಸಿರು ಬಿಗಿ ಹಿಡಿದೆ, ಸುಳ್ಳು ಹೇಳಲ್ಲ. ಕೊನೆಯಲ್ಲಿ ಚರ್ಚಿನಲ್ಲಿ ಮಗುವಿನ ಶಾಸ್ತ್ರ, ಹೊರಗೆ ಸಾಲಾಗಿ ಕೊಲೆ. ಮಗ ಟಿವಿ ಬಿಟ್ಟು ನನ್ನ ಮುಖ ನೋಡುತ್ತಿದ್ದ. ನನಗೆ ಎರಡನೇ ಕೊಲೆಗೇ ಲೆಕ್ಕ ಗೊತ್ತಾಗಿತ್ತು.

ನನ್ನ ತಕರಾರು ಬೇರೆ. ಈ ಮನೆಗೆ ದುಡ್ಡು ಎಲ್ಲಿಂದ ಬರುತ್ತದೆ? ಜೂಜು ಅಂತಾರೆ, ಯೂನಿಯನ್ ಅಂತಾರೆ. ಕೊಟ್ಟವನ ಮುಖ ಒಂದು ಸಲವೂ ತೋರಿಸುವುದಿಲ್ಲ. ಒಂದು ಗಣೇಶನ ಹಬ್ಬಕ್ಕೆ ಹುಡುಗರು ಬಂದು ಚಂದಾ ಅಂತ 60 ಕುರ್ಚಿ ತಗೊಂಡು ಹೋದರು. ಬಾಡಿಗೆ ಕೇಳಿದ್ದಕ್ಕೆ "ಯಾಕಣ್ಣ, ಅಂಗಡಿ ಚೆನ್ನಾಗಿ ನಡೀತಿದೆ ಅಲ್ವಾ" ಅಂತ ನಕ್ಕರು. ವಾಪಸ್ ಬಂದದ್ದು 41, ಅದರಲ್ಲೂ ಕೆಲವಕ್ಕೆ ಕಾಲಿಲ್ಲ. ಅವರ ಹಿಂದಿದ್ದವನೂ ಸಿನಿಮಾದ ಯಜಮಾನನ ಹಾಗೆ ಮನೆಯಲ್ಲಿ ಮೊಮ್ಮಗನನ್ನು ಆಡಿಸುತ್ತಿದ್ದಿರಬಹುದು, ತೋಟದಲ್ಲಿ ಟೊಮೆಟೊ ಬೆಳೆದಿದ್ದಿರಬಹುದು. ನನಗೆ ನನ್ನ 19 ಕುರ್ಚಿ ಬೇಕಿತ್ತು. ಇಡೀ ಸಿನಿಮಾದಲ್ಲಿ ಆ ಕುರ್ಚಿಯವನನ್ನು ಹುಡುಕಿದೆ, ಸಿಗಲಿಲ್ಲ.

ಇದನ್ನೆಲ್ಲ ಹೇಳಿದ ಮೇಲೆ ಮಗ, "ಎರಡನೇ ಭಾಗದಲ್ಲಿ ಅಂಗಡಿಯವರ ಹತ್ರ ವಸೂಲಿ ಮಾಡೋನು ಬರ್ತಾನೆ ಅಪ್ಪ" ಎಂದ.

"ಮೊದಲು ಅದನ್ನೇ ಹಾಕೋದಲ್ವೇನೋ? ಎಷ್ಟು ಹೊತ್ತಿದೆ?"

"3 ಗಂಟೆ 22 ನಿಮಿಷ."

ಬೆಳಗ್ಗೆ ಅರಸೀಕೆರೆ ರಸ್ತೆಯ ಛತ್ರಕ್ಕೆ 400 ಕುರ್ಚಿ ಹೋಗಬೇಕಿತ್ತು. ದೀಪ ಆರಿಸಿ ಮಲಗಿದೆ.