ಲೈಸೆನ್ಸ್ ಇದ್ದರೂ ಕಾರು ಹೊರಗೆ ತೆಗೆಯಲು ಹೆದರುತ್ತಿದ್ದೆ: ಧಾರವಾಡದ ಕಾಕಾರ 15 ದಿನದ ಕ್ಲಾಸು, ಎರಡು ವರ್ಷ ಆದ ಮೇಲೆ

ಎರಡು ವರ್ಷ, ಮೀಟರ್‌ನಲ್ಲಿ 14,000 ಚಿಲ್ಲರೆ ಕಿಲೋಮೀಟರ್ ಆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕ್ಲಾಸು ಮುಗಿದ ವಾರವೇ ಬರೆದಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು. ಕಲಿತದ್ದರಲ್ಲಿ ಯಾವುದು ಉಳಿಯಿತು, ಯಾವುದು ಸಾಲಲಿಲ್ಲ ಅನ್ನೋದು ಈಗ ಗೊತ್ತಾಗಿದೆ.

ಇದು ಡ್ರೈವಿಂಗ್ ಸ್ಕೂಲ್ ವಿಮರ್ಶೆ ಅಲ್ಲ. ವಾಯವ್ಯ ಸಾರಿಗೆಯಲ್ಲಿ ಬಸ್ ಓಡಿಸಿ ನಿವೃತ್ತರಾದ ಹಿರಿಯರೊಬ್ಬರು ನಮ್ಮ ಮನೆಗೇ ಬಂದು, ನಮ್ಮದೇ ಕಾರಿನಲ್ಲಿ ಕೈ ಪಳಗಿಸುತ್ತಾರೆ. ಲೈಸೆನ್ಸ್ ಇದ್ದೂ ಓಡಿಸಲು ಹೆದರುವವರಿಗೆ ಮಾತ್ರ. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೆಯುತ್ತೇವೆ. ಹೆಸರು, ನಂಬರ್ ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಬಾಯಿಂದ ಬಾಯಿಗೆ ಬರುವವರೇ ಅವರಿಗೆ ಸಾಕಂತೆ. 15 ದಿನ, ಬೆಳಿಗ್ಗೆ 6ರಿಂದ 7. ನಾನು ಕೊಟ್ಟಿದ್ದು 5,000 ರೂಪಾಯಿ, ಪೆಟ್ರೋಲ್ ನಮ್ಮದು.

ನಾನು ಹೈಸ್ಕೂಲ್ ಟೀಚರ್. ಮನೆ ಧಾರವಾಡದ ಸಪ್ತಾಪುರದ ಕಡೆ, ಶಾಲೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ದಿನಾ ಚಿಗರಿ ಬಸ್ಸಿಗೆ (ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸು) ಹೋಗಿ ಬರುತ್ತಿದ್ದೆ, ಅದರಲ್ಲಿ ತೊಂದರೆಯೇನೂ ಇರಲಿಲ್ಲ. ಮನೆಯವರಿಗೆ ಬಳ್ಳಾರಿಗೆ ವರ್ಗ ಆಯಿತು, ಅದೇ ವರ್ಷ ಗದಗದಲ್ಲಿರುವ ನನ್ನ ಅವ್ವನನ್ನು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಆಸ್ಪತ್ರೆಗೆ ಕರೆದುಕೊಂಡು ಬರಬೇಕಾಯಿತು. ವ್ಯಾಗನ್ ಆರ್ ಮನೆ ಮುಂದೆ ಕವರ್ ಹೊದ್ದುಕೊಂಡು ನಿಂತಿತ್ತು. ಪ್ರತಿ ಸಲ ಬಾಡಿಗೆ ಗಾಡಿ ಹೇಳುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ದುಡ್ಡಿಗಲ್ಲ. ಗಾಡಿ ಇದೆ, ಲೈಸೆನ್ಸ್ ಇದೆ, ಅವ್ವ ಬಾಗಿಲಲ್ಲಿ ಕಾಯುತ್ತಾ ಕೂತಿದ್ದಾಳೆ, ನಾನು ಡ್ರೈವರ್‌ಗೆ ಫೋನ್ ಮಾಡುತ್ತಿದ್ದೇನೆ ಅನ್ನೋದಕ್ಕೆ.

ಲೈಸೆನ್ಸ್ ಮಾಡಿಸಿದ್ದು ಅದಕ್ಕೂ ಐದು ವರ್ಷ ಹಿಂದೆ, ಒಂದು ಡ್ರೈವಿಂಗ್ ಸ್ಕೂಲ್ ಮೂಲಕ. ಖಾಸಗಿ ಗಾಡಿ ಕಲಿಯುವವರಿಗೆ ಕನಿಷ್ಠ 21 ದಿನದ ತರಬೇತಿ ಇರಬೇಕು, ಅದರಲ್ಲಿ ಕನಿಷ್ಠ 10 ಗಂಟೆ ನಿಜವಾಗಿ ಓಡಿಸಿರಬೇಕು ಅಂತ ನಿಯಮವೇ ಇದೆ. ನಮಗೆ ದಿನಕ್ಕೆ ಒಂದು ಗಂಟೆ ಅಂತ ಹೇಳಿದ್ದರು. ಆದರೆ ಕಾರಿನಲ್ಲಿ ನಾಲ್ಕು ಜನ, ನನ್ನ ಪಾಲಿಗೆ ಬರುತ್ತಿದ್ದುದು ಹದಿನೈದು ನಿಮಿಷ. ಲೆಕ್ಕ ಹಾಕಿದರೆ ಒಟ್ಟು ಐದು ಗಂಟೆ ಚಿಲ್ಲರೆ, ಅಷ್ಟೇ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು, ನನಗದು ಬಹಳ ತಡವಾಗಿ ತಿಳಿಯಿತು. ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ ಅಲ್ವಾ, ಅವರು ಆ 21 ದಿನವೂ ಅದರ ಮೇಲಿಂದ ಕಾಲು ತೆಗೆಯಲೇ ಇಲ್ಲ. ಗಾಡಿ ಬಂದ್ ಬೀಳುತ್ತದೆ ಅನ್ನಿಸಿದ ತಕ್ಷಣ ಅವರೇ ಕ್ಲಚ್ ಒತ್ತುತ್ತಿದ್ದರು. ಒಂದು ದಿನವೂ ನನ್ನ ಕೈಯಲ್ಲಿ ಗಾಡಿ ಬಂದ್ ಬೀಳಲಿಲ್ಲ, ಚೆನ್ನಾಗಿ ಓಡಿಸುತ್ತೇನೆ ಅಂದುಕೊಂಡೆ. ಲೈಸೆನ್ಸ್ ಬಂದ ಮೇಲೆ ನಮ್ಮ ಕಾರಿನಲ್ಲಿ ಕೂತರೆ ಗೇಟಿನಿಂದ ಹೊರಗೆ ಬರುವುದರೊಳಗೆ ನಾಲ್ಕು ಸಲ ಬಂದ್ ಬಿತ್ತು. ಎದುರುಮನೆಯವರು ಹೊರಗೆ ಬಂದು ನೋಡಿದರು. ಆವತ್ತು ಚಾವಿ ಒಳಗಿಟ್ಟವಳು ಐದು ವರ್ಷ ಮುಟ್ಟಲಿಲ್ಲ.

ಕಾಕಾ ಬಂದ ಮೊದಲ ದಿನ ನಾನು ಬೆಲ್ಟ್ ಹಾಕಿಕೊಂಡು ಸ್ಟೇರಿಂಗ್ ಗಟ್ಟಿ ಹಿಡಿದು ಕೂತಿದ್ದೆ. ಅವರು ಬಾಗಿಲು ತೆಗೆದು ನನ್ನ ಕಾಲು ನೋಡಿದರು. ನಾನು ಕ್ಲಚ್ಚನ್ನು ತುದಿಗಾಲಲ್ಲಿ ಒತ್ತುತ್ತಿದ್ದೆ, ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಯಾಕಂದರೆ ಆ ಸೀಟು ನಮ್ಮ ಮನೆಯವರ ಅಳತೆಗಿತ್ತು, ಅವರು ನನಗಿಂತ ಅರ್ಧ ಅಡಿ ಎತ್ತರ. ಕ್ಲಚ್ ತಳಕ್ಕೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ಅಷ್ಟು ಮುಂದಕ್ಕೆ ಸೀಟು ಎಳೆಸಿದರು. ಚಪ್ಪಲಿ ಬಿಚ್ಚಿಸಿದರು. ಆಮೇಲೆ ಮೈದಾನಕ್ಕೆ ಅವರೇ ಓಡಿಸಿಕೊಂಡು ಹೋಗಿ, ಸೀಟು ಬದಲಿಸಿ, ನಾನು ಕನಸಿನಲ್ಲೂ ನೆನೆಸದ ಮಾತು ಹೇಳಿದರು.

"ಅಕ್ಕಾರ, ಈಗ ಗಾಡಿ ಬಂದ್ ಬೀಳಸ್ರಿ."

ಬೇಕಂತಲೇ. ಫಸ್ಟ್ ಗೇರ್ ಹಾಕಿ ಕ್ಲಚ್ ಫಟ್ ಅಂತ ಬಿಡಬೇಕು. ಗಾಡಿ ಒಮ್ಮೆ ಜಿಗಿದು ಸುಮ್ಮನಾಗುತ್ತದೆ. ಹತ್ತು ಸಲ ಮಾಡಿಸಿದರು. ಪ್ರತಿ ಸಲ ಮತ್ತೆ ಶುರು ಮಾಡುವ ಕ್ರಮ ಒಂದೇ: ಬ್ರೇಕ್ ಮೇಲೆ ಕಾಲು, ಕ್ಲಚ್ ತಳಕ್ಕೆ, ನ್ಯೂಟ್ರಲ್, ಚಾವಿ, ಫಸ್ಟ್, ನಿಧಾನ ಬಿಡು. ಮೂರನೇ ಸಲಕ್ಕೆ ಎದೆ ಹೊಡೆದುಕೊಳ್ಳುವುದು ಕಡಿಮೆ ಆಯಿತು, ಎಂಟನೇ ಸಲಕ್ಕೆ ಕೈ ತಾನಾಗಿಯೇ ಚಾವಿಗೆ ಹೋಗುತ್ತಿತ್ತು. "ಬಂದ್ ಬಿತ್ತಂದ್ರ ಏನಾತ್ರಿ? ನಿಂತ್ತು, ಅಷ್ಟ. ನಿಂತ ಗಾಡಿ ಹೋಗಿ ಯಾರಿಗೂ ಬಡಿಯಂಗಿಲ್ಲ" ಅಂದರು. ಐದು ವರ್ಷ ನಾನು ಹೆದರಿದ್ದು ಇದಕ್ಕೇ ಆಗಿತ್ತು. ಬಂದ್ ಬೀಳದ ಹಾಗೆ ಓಡಿಸೋದು ಹೇಗೆ ಅಂತ ಎಲ್ಲರೂ ಹೇಳಿದ್ದರು, ಬಿದ್ದ ಮೇಲೆ ಏನು ಮಾಡಬೇಕು ಅಂತ ಒಬ್ಬರೂ ಕೈ ಹಿಡಿದು ಮಾಡಿಸಿರಲಿಲ್ಲ.

ಎರಡನೇ ದಿನ ಎಕ್ಸಲೇಟರ್ ಮುಟ್ಟಲು ಬಿಡಲಿಲ್ಲ. ಬರೀ ಕ್ಲಚ್. ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು ತಿರುಗಿಸಿ ತೋರಿಸಿದರು. ಎಂಜಿನ್ ಕಡೆಯದು ಗರಗರ ಸುತ್ತುತ್ತಿರುತ್ತದೆ, ಗಾಲಿ ಕಡೆಯ ಪ್ಲೇಟು ನಿಂತಿರುತ್ತದೆ, ಕ್ಲಚ್ ಬಿಡುವುದು ಅಂದರೆ ಇವೆರಡನ್ನೂ ಮೆಲ್ಲಗೆ ಕೂಡಿಸುವುದು. ಒಮ್ಮೆಲೇ ಕೂಡಿಸಿದರೆ ಎಂಜಿನ್ ತಡೆದುಕೊಳ್ಳದೆ ನಿಲ್ಲುತ್ತದೆ. ಅರ್ಧದಲ್ಲೇ ಬಹಳ ಹೊತ್ತು ಇಟ್ಟರೆ ತಿಕ್ಕಿ ತಿಕ್ಕಿ ಪ್ಲೇಟು ಸುಡುತ್ತದೆ, ವಾಸನೆ ಬರುತ್ತದೆ. ಆಮೇಲೆ ಕಣ್ಣು ಮುಂದಿಡಿ, ಕಿವಿ ಎಂಜಿನ್ ಮೇಲಿಡಿ ಅಂದರು. ಕಾಲನ್ನು ನೂಲಿನಷ್ಟು ನೂಲಿನಷ್ಟು ಮೇಲೆ ತಂದಾಗ ಒಂದು ಜಾಗದಲ್ಲಿ ಸದ್ದು ದಪ್ಪ ಆಗುತ್ತದೆ, ಬಾನೆಟ್ ಸಣ್ಣಗೆ ನಡುಗುತ್ತದೆ, ಬರಿಗಾಲಿಗೆ ಆ ನಡುಕ ಗೊತ್ತಾಗುತ್ತದೆ. ಅಲ್ಲೇ ಕಾಲು ಹಿಡಿದರೆ, ಎಕ್ಸಲೇಟರ್ ಇಲ್ಲದೆಯೇ, ಸಮನೆಲದಲ್ಲಿ ಗಾಡಿ ತಾನೇ ಸರಿಯಲು ಶುರು ಮಾಡುತ್ತದೆ. ಇರುವೆ ನಡೆದ ಹಾಗೆ. ಆ ಮುಂಜಾನೆ ಮಂಜಿನಲ್ಲಿ ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ನಾನೊಬ್ಬಳೇ ನಡೆಸಿಕೊಂಡು ಹೋದೆ, ಕಾಕಾ ಕೆಳಗಿಳಿದು ಪಕ್ಕದಲ್ಲಿ ನಡೆಯುತ್ತಾ ಬಂದರು. ಕಣ್ಣಲ್ಲಿ ನೀರು ಬಂತು.

ಮುಂದಿನ ದಿನಗಳು ಬೇಗ ಹೇಳಿ ಮುಗಿಸುತ್ತೇನೆ. ಕರ್ನಾಟಕ ವಿಶ್ವವಿದ್ಯಾಲಯದ ಕಡೆಯ ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿ, ಆ ನಡುಕ ಬಂದ ಮೇಲಷ್ಟೇ ಬ್ರೇಕ್ ಇಳಿಸಿ ಮುಂದೆ ಹೋಗುವುದು. ಗಾಡಿ ಹಿಂದಕ್ಕೆ ಜಾರುವ ಭಯ ಇದ್ದವರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಸೈಡ್ ಕನ್ನಡಿಯಲ್ಲಿ ನಮ್ಮ ಗಾಡಿ ಬರೀ ಒಂದು ಗೆರೆಯಷ್ಟು ಕಾಣಬೇಕು, ಉಳಿದದ್ದೆಲ್ಲ ರಸ್ತೆ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ಮೂರು ಎಣಿಸುವವರೆಗೆ ನಾವು ಆ ಕಂಬಕ್ಕೆ ಬರಬಾರದು.

ಒಂಬತ್ತನೇ ದಿನ ಟೋಲ್ ನಾಕಾ ಸಿಗ್ನಲ್. ಹಸಿರು ಬಿತ್ತು, ಗಾಡಿ ಬಂದ್ ಬಿತ್ತು. ಹಿಂದೆ ಒಂದು ಟೆಂಪೋ, ಎರಡು ಆಟೋ, ಹಾರ್ನ್ ಮೇಲೆ ಹಾರ್ನ್. ಪಕ್ಕಕ್ಕೆ ನೋಡಿದೆ, ಕಾಕಾ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ನಾನು ಅವರ ಕ್ರಮ ಬಾಯಲ್ಲಿ ಹೇಳಿಕೊಂಡೇ ಮಾಡಿದೆ. ಗಾಡಿ ಹೊರಟಿತು, ಸಿಗ್ನಲ್ ಇನ್ನೂ ಹಸಿರೇ ಇತ್ತು. "ಹಾರ್ನ್ ಹೊಡಿಯೋದು ಅವರ ಕೆಲಸ, ಗಾಡಿ ಎಬ್ಬಿಸೋದು ನಿಮ್ಮ ಕೆಲಸ" ಅಂತ ಒಂದೇ ಮಾತು ಅಂದರು. ಸ್ಕೂಲ್ ಕಾರಿನಲ್ಲಾಗಿದ್ದರೆ ಆ ಹೊತ್ತಿನಲ್ಲಿ ಪಕ್ಕದವರ ಕಾಲು ಕೆಲಸ ಮಾಡಿರುತ್ತಿತ್ತು.

ಹುಬ್ಬಳ್ಳಿ-ಧಾರವಾಡ ರಸ್ತೆಯ ಬಗ್ಗೆ ಬೇರೆ ಊರಿನವರಿಗೆ ಒಂದು ಮಾತು. ಸುಮಾರು 22 ಕಿಲೋಮೀಟರ್‌ನಲ್ಲಿ ಬಹುಪಾಲು ನಡುವಿನ ಪಥ ಬಿಆರ್‌ಟಿಎಸ್ ಬಸ್ಸುಗಳದ್ದು. 2018ರಲ್ಲಿ ಚಿಗರಿ ಓಡಲು ಶುರುವಾದಾಗಿನಿಂದ ನಮ್ಮಂಥವರ ಗಾಡಿಗೆ ಪಕ್ಕದ ಪಥ ಮಾತ್ರ. ಬಸ್ ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಜನ ನಮ್ಮ ಪಥ ದಾಟಿಯೇ ಹೋಗಬೇಕು. ನನಗೆ ಹಸಿರು ಇದ್ದರೂ ನಿಲ್ದಾಣ ಬಂತು ಅಂದರೆ ಎಕ್ಸಲೇಟರ್ ಮೇಲಿಂದ ಕಾಲು ತೆಗೆದು ಬ್ರೇಕ್ ಮೇಲೆ ಇಡಬೇಕು ಅಂತ ಕಾಕಾ ರೂಢಿ ಮಾಡಿಸಿದರು. ನವನಗರದ ಹತ್ತಿರ ಇದೊಂದು ಅಭ್ಯಾಸದಿಂದ ಒಬ್ಬ ಕಾಲೇಜು ಹುಡುಗ ಉಳಿದ. ಬಸ್ ಬಂತು ಅಂತ ಮೊಬೈಲ್ ನೋಡುತ್ತಲೇ ಓಡಿಬಂದಿದ್ದ.

ಈಗ ಸಾಲದ್ದು. ರಿವರ್ಸ್‌ಗೆ ಅವರು ಕೊಟ್ಟಿದ್ದು ಒಂದೇ ದಿನ, ಅದೂ ನಾನು ಕೇಳಿದ ಮೇಲೆ. ಮೂರನೇ ತಿಂಗಳು ನಮ್ಮದೇ ಗೇಟಿಗೆ ಎಡಗಡೆ ಬಾಗಿಲು ಉಜ್ಜಿ 3,200 ರೂಪಾಯಿ ಖರ್ಚಾಯಿತು. ಹಿಂದೆ ಹೋಗುವಾಗ ಹಿಂಬದಿಯನ್ನೇ ನೋಡುತ್ತಿದ್ದೆ, ಸ್ಟೇರಿಂಗ್ ತಿರುಗಿಸಿದಾಗ ಮುಂಭಾಗ ಆಚೆ ಬೀಸುತ್ತದೆ ಅನ್ನೋದನ್ನು ಯಾರೂ ಹೇಳಿರಲಿಲ್ಲ. 15ರಲ್ಲಿ ಮೂರು ದಿನ ರಿವರ್ಸ್‌ಗೇ ಇಡಬೇಕು, ಇದನ್ನು ಅವರಿಗೂ ಹೇಳಿದ್ದೇನೆ. ರಾತ್ರಿ ಕ್ಲಾಸ್ ಇಲ್ಲ. ಜೋರು ಮಳೆ ಇದ್ದರೆ ಬರುವುದಿಲ್ಲ, ನನ್ನ ಕ್ಲಾಸು ಹಾಗಾಗಿ ಎರಡು ಸಲ ಮುಂದೆ ಹೋಯಿತು. ಹೈವೇ ಕಲಿಸುವುದಿಲ್ಲ. ಹುಬ್ಬಳ್ಳಿ-ಧಾರವಾಡ ಬೈಪಾಸ್‌ಗೆ ಮೊದಲ ವರ್ಷ ಹೋಗಲೇಬೇಡಿ ಅಂತ ಗಟ್ಟಿಯಾಗಿ ಹೇಳಿದ್ದರು, ನಾನು ಹೋಗಲಿಲ್ಲ. ಎದುರುಬದುರು ಲಾರಿಗಳು ಒಂದನ್ನೊಂದು ಹಿಂದೆ ಹಾಕುತ್ತಿದ್ದ ಆ ರಸ್ತೆಯಲ್ಲಿ ಎಷ್ಟು ಜೀವ ಹೋಗಿವೆ ಅಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮುಖ್ಯ ವಿಷಯ. ನಮ್ಮ ಕಾರಿನಲ್ಲಿ ಅವರ ಕಡೆ ಬ್ರೇಕ್ ಇರುವುದಿಲ್ಲ, ತುರ್ತಿಗೆ ಹ್ಯಾಂಡ್ ಬ್ರೇಕ್ ಒಂದೇ. ಅದಕ್ಕೇ ಏನೂ ಗೊತ್ತಿಲ್ಲದವರನ್ನು, ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾತ್ರ ಇರುವವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಇದು ನನಗೆ ಸರಿ ಅನ್ನಿಸುತ್ತದೆ.

ಗದಗಕ್ಕೆ ಮೊದಲ ಸಲ ಹೋಗಿದ್ದು ಐದನೇ ತಿಂಗಳು, ಭಾನುವಾರ, ಮನೆಯವರು ಪಕ್ಕದಲ್ಲಿ. ಎರಡನೇ ಸಲ ಒಬ್ಬಳೇ. ಹುಬ್ಬಳ್ಳಿ ದಾಟಿ ಅಣ್ಣಿಗೇರಿ ಕಡೆ ಹೋಗುವಾಗ ಎರಡೂ ಬದಿ ಎರೆಭೂಮಿ. ಹೆಸರುಕಾಳು ಬಿಡಿಸುವ ಕಾಲ ಆಗಿದ್ದರಿಂದ ಊರು ಬಂದಲ್ಲೆಲ್ಲ ರಸ್ತೆಯ ಒಂದು ಬದಿಗೆ ರಾಶಿ ಒಣಗಲು ಹರವಿದ್ದರು. ಅಂಥ ಕಡೆ ಎದುರಿನ ಗಾಡಿ ನನ್ನ ಬದಿಗೆ ಬರುತ್ತದೆ. ದೂರದಿಂದಲೇ ಸೆಕೆಂಡ್ ಗೇರಿಗೆ ಇಳಿಸಿ, ಅವರಿಗೆ ದಾರಿ ಬಿಟ್ಟು ಹೋಗುವುದನ್ನು ನಾನೇ ಕಲಿತೆ. ಹಿಂದೆ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಒಂದು ಸಂಜೆ ಬಹಳ ಹತ್ತಿರ ಬಂದ ಮೇಲೆ ಕಂಡಿತು. ಅಂದಿನಿಂದ ಆ ದಾರಿಯಲ್ಲಿ ಕತ್ತಲಾಗುವುದರೊಳಗೆ ಮನೆ ಸೇರುವ ಹಾಗೆ ಹೊರಡುತ್ತೇನೆ.

ಅವ್ವ ಮೊದಮೊದಲು ಮೇಲಿನ ಹಿಡಿಕೆ ಬಿಡುತ್ತಿರಲಿಲ್ಲ. "ಸಾವಕಾಶ ಹೊಡಿ ಯವ್ವಾ, ಡಾಕ್ಟರ್ ಎಲ್ಲಿ ಹೊಕ್ಕಾನ" ಅನ್ನುತ್ತಿದ್ದಳು. ಈಗ ಆಸ್ಪತ್ರೆ ಮುಗಿಸಿ ವಾಪಸ್ ಹೋಗುವಾಗ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಗೆ ಹೋಗಿ ಬರೋಣ ಅಂತ ಅವಳೇ ಹೇಳುತ್ತಾಳೆ. ಬಾಡಿಗೆ ಗಾಡಿಯಲ್ಲಿ ಹಾಗೆ ನಿಲ್ಲಿಸಲು ಆಗುತ್ತಿರಲಿಲ್ಲ, ಡ್ರೈವರ್ ಟೈಮ್ ನೋಡುತ್ತಿದ್ದ.

ಭಯ ಪೂರ್ತಿ ಹೋಗಿದೆಯಾ ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಇಲ್ಲ. ಚೆನ್ನಮ್ಮ ಸರ್ಕಲ್ ಕಡೆ ಹೋಗಬೇಕು ಅಂದರೆ ಇವತ್ತೂ ಅಂಗೈ ಬೆವರುತ್ತದೆ. ಆದರೆ ಬಂದ್ ಬಿದ್ದರೆ ಎಬ್ಬಿಸುತ್ತೇನೆ ಅನ್ನೋದು ಗೊತ್ತು, ಅದಕ್ಕೇ ಹೋಗುತ್ತೇನೆ. ವಾರಕ್ಕೆ ಎರಡು ದಿನ ಶಾಲೆಗೂ ಕಾರು ತೆಗೆದುಕೊಂಡು ಹೋಗುತ್ತೇನೆ, ಉಳಿದ ದಿನ ಚಿಗರಿಯೇ ಸುಲಭ.

5ಕ್ಕೆ 4 ಕೊಡುತ್ತೇನೆ. ಆ ಒಂದು ಕಡಿಮೆ ಮಾಡಿದ್ದು ರಿವರ್ಸ್‌ಗೆ. ಮಗಳಿಗೆ ಮುಂದಿನ ತಿಂಗಳು 18 ತುಂಬುತ್ತದೆ, ಅವಳಿಗೂ ಕಲಿಸಿ ಅಂತ ಕಾಕಾರಿಗೆ ಕೇಳಿದೆ. ಮೊದಲು ಎಲ್‌ಎಲ್ ಮಾಡಿಸಿ, ಡಬಲ್ ಬ್ರೇಕ್ ಇರುವ ಸ್ಕೂಲ್ ಕಾರಿನಲ್ಲಿ ಕಲಿತು ಲೈಸೆನ್ಸ್ ತರಲಿ, ಆಮೇಲೆ ಮೈದಾನಕ್ಕೆ ಕರೆದುಕೊಂಡು ಬನ್ನಿ ಅಂದಿದ್ದಾರೆ. ಸ್ಕೂಲ್ ಸೇರಿಸುವ ದಿನ ನಾನೇ ಹೋಗಿ, ಕಾರಿನಲ್ಲಿ ಎಷ್ಟು ಜನ ಕೂರಿಸುತ್ತೀರಿ, ಕೊನೆಯ ದಿನಗಳಲ್ಲಾದರೂ ನಿಮ್ಮ ಕಾಲು ಪೆಡಲ್ ಮೇಲಿಂದ ತೆಗೆಯುತ್ತೀರಾ ಅಂತ ಕೇಳಿಯೇ ದುಡ್ಡು ಕಟ್ಟುತ್ತೇನೆ.