ರಿಫ್ರೆಶ್ ಟಿಯರ್ಸ್: ಕಲಬುರಗಿ ಬಿಸಿಲಿಗೆ ಈ ಹನಿ ಸಾಕೇ?

ಶೋಗ್ರೆನ್, ರುಮಟಾಯ್ಡ್ ಸಂಧಿವಾತ, ಲೂಪಸ್‌ನಂಥ ಕಾಯಿಲೆ ಇದ್ದವರ ಕಣ್ಣು ಒಣಗುವುದು ಬರೀ ಬಿಸಿಲಿಗಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿ ಬಿದ್ದಿರುತ್ತದೆ. ಅದರ ಮೇಲೆ ನಮ್ಮ ಮೇ ತಿಂಗಳ ಝಳ, ರಾತ್ರಿಯಿಡೀ ಮುಖಕ್ಕೇ ಬೀಸುವ ಕೂಲರ್. ಬೆಳಿಗ್ಗೆ ಎದ್ದರೆ ಕಣ್ಣಲ್ಲಿ ಮರಳು ಹೊಕ್ಕಂತೆ ಚುಚ್ಚುತ್ತದೆ.

ರಿಫ್ರೆಶ್ ಟಿಯರ್ಸ್‌ನಲ್ಲಿ ಇರುವುದು ಕಣ್ಣನ್ನು ತೇವವಾಗಿಡುವ ಶೇ 0.5 ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ತೆಳುವಾದ ಹನಿ, ಹಾಕಿದಾಗ ಕವಿಯುವ ಮಂಜು ಬೇಗ ತಿಳಿಯಾಗುತ್ತದೆ. ಹಗಲಿಗೆ ಚೆನ್ನಾಗಿದೆ, ರಾತ್ರಿಗೆ ಸಾಲದು. ಮಲಗುವಾಗ ಅದೇ ಔಷಧದ ಶೇ 1ರ ಜೆಲ್ ಬೇಕು.

ನಮಗೆ ಮುಖ್ಯವೆನಿಸಿದ್ದು ಪ್ರಿಸರ್ವೇಟಿವ್, ಅಂದರೆ ಹನಿ ಕೆಡದಂತೆ ಕಾಯುವ ರಾಸಾಯನಿಕ. ಇದರಲ್ಲಿರುವ ಆಕ್ಸಿಕ್ಲೋರೋ ಕಾಂಪ್ಲೆಕ್ಸ್ ಕಣ್ಣಿಗೆ ಬಿದ್ದ ಮೇಲೆ ಒಡೆದುಹೋಗುತ್ತದೆ. ಬೇರೆ ಹಲವು ಹನಿಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಹಾಗಲ್ಲ. ಪದೇ ಪದೇ ಬಿದ್ದರೆ ಮೊದಲೇ ಒಣಗಿದ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಮೇಲ್ಪದರವನ್ನು ಕೆಡಿಸುತ್ತದೆ. ಮೆಡಿಕಲ್‌ನವರು "ಅದೇ ಔಷಧ, ಬೇರೆ ಕಂಪನಿ" ಎಂದು ಕೊಟ್ಟರೆ ಲೇಬಲ್ ಓದಿ, ಬೆಂಜಾಲ್ಕೋನಿಯಂ ಹೆಸರಿದ್ದರೆ ವಾಪಸ್ ಕೊಡಿ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾಗುವವರಿಗೆ ಪ್ರಿಸರ್ವೇಟಿವ್ ಇಲ್ಲದ ಹನಿಯೇ ಸರಿ, ದುಬಾರಿಯಾದರೂ.

ಒಂದೇ ಹನಿ ಸಾಕು. ಎರಡನೆಯದು ಕಣ್ಣಲ್ಲಿ ನಿಲ್ಲದೆ ಕೆನ್ನೆಗೆ ಇಳಿಯುತ್ತದೆ. ಕೆಳರೆಪ್ಪೆ ಎಳೆದು ಜೇಬಿನಂತಾದ ಜಾಗಕ್ಕೆ ಬಿಡಿ, ತುದಿ ರೆಪ್ಪೆಗೆ ತಾಗದಿರಲಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿ. ಬೇರೆ ಹನಿ ಇದ್ದರೆ ಐದು ನಿಮಿಷದ ಅಂತರ, ಜೆಲ್ ಕೊನೆಗೆ. ಸಂಧಿವಾತದಿಂದ ಬೆರಳು ಬಾಗದವರಿಗೆ ಬಾಟಲಿ ಹಿಂಡುವುದೇ ಕಷ್ಟ. ಮನೆಯವರು ಹಾಕಿದರೆ ಒಳ್ಳೆಯದು. 10 ಮಿಲಿ ಬಾಟಲಿಯಲ್ಲಿ ಸುಮಾರು 200 ಹನಿ. ತೆರೆದ ತಾರೀಖು ಬರೆದಿಡಿ, ತಿಂಗಳಾದರೆ ಉಳಿದದ್ದನ್ನು ಚೆಲ್ಲಿ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ.

ಈ ಹನಿ ಉರಿಯೂತ ಇಳಿಸುವುದಿಲ್ಲ. ಅದಕ್ಕೆ ವೈದ್ಯರು ಸೈಕ್ಲೋಸ್ಪೋರಿನ್ ಎಂಬ ಹನಿ ಬರೆಯಬಹುದು. ಅದು ಕೆಲಸ ತೋರಿಸಲು ತಿಂಗಳುಗಳೇ ಬೇಕು, ಮೊದಮೊದಲು ಉರಿಯುತ್ತದೆ, ಬಿಡಬೇಡಿ. ಸಂಧಿವಾತ, ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕಣ್ಣಿನ ಒಳಪರದೆಗೆ (ರೆಟಿನಾ) ಹಾನಿ ಮಾಡಬಹುದು, ಅದನ್ನು ನುಂಗುವವರು ರೆಟಿನಾ ತಪಾಸಣೆಯನ್ನು ಮೊದಲ ವರ್ಷದೊಳಗೆ ಒಮ್ಮೆ, ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ಕಿಡ್ನಿ ತೊಂದರೆ ಇದ್ದರೆ ಇನ್ನೂ ಬೇಗ.

ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ದೃಷ್ಟಿ ಮಸುಕಾದರೆ ಅಥವಾ ನಿದ್ದೆಯಿಂದ ಎಬ್ಬಿಸುವಂಥ ನೋವಿದ್ದರೆ ಅದು ಯುವೈಟಿಸ್ (ಕಣ್ಣಿನ ಒಳಗಿನ ಉರಿಯೂತ) ಅಥವಾ ಸ್ಕ್ಲೆರೈಟಿಸ್ (ಕಣ್ಣಿನ ಬಿಳಿಭಾಗದ ಉರಿಯೂತ) ಇರಬಹುದು. ಅಂಗಡಿಯಲ್ಲಿ ಕೇಳಿ ಸ್ಟಿರಾಯ್ಡ್ ಹನಿ ತರಬೇಡಿ, ಕಣ್ಣಿನೊತ್ತಡ ಏರುತ್ತದೆ. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ, ಸಂಧಿವಾತದ ಚೀಟಿಯನ್ನೂ ಜೊತೆಗೆ ಒಯ್ಯಿರಿ.